ಹೂವಿನ ವ್ಯಾನಿನಲ್ಲೊಬ್ಬ ರೋಗಿ

ಅಪ್ಪನಿಗೆ ಕಾಯಿಲೆ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ದಿನ ಮಧ್ಯಾಹ್ನ ಅವನ ಮುಖ ನೋಡಿದವರಿಗೆ ಈ ಮಾತು ಹೇಳಿದರೆ ನಂಬುವುದಿಲ್ಲ. ಬೆಳಿಗ್ಗೆ ಎರಡು ಬಟ್ಟಲು ಕುರಿ ಸಾರು ಕುಡಿದಿದ್ದ. ಹೊಸ ಜಾಕೆಟ್ ಹಾಕಿಕೊಂಡು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ನಮ್ಮ ಎಲ್ ಆಲ್ತೋ ನಗರ ದಾಟುವವರೆಗೂ ಗುರುತಿದ್ದವರಿಗೂ ಗುರುತಿಲ್ಲದವರಿಗೂ ಕೈ ಬೀಸಿದ್ದ.

ಬೀಸದೆ ಏನು ಮಾಡುತ್ತಾನೆ? ಹಿಂದಿನ ದಿನವಷ್ಟೇ ವ್ಯಾನಿಗೆ ಪೂಜೆಯಾಗಿತ್ತು. ಮಗುವಿಗೆ ಇರುವ ಹಾಗೆ ನಮ್ಮಲ್ಲಿ ಗಾಡಿಗೂ, ಮುಂದೆ ನಿಂತು ಪೂಜೆ ಮಾಡಿಸುವ ಒಬ್ಬ ಧರ್ಮಪಿತ ಇರುತ್ತಾನೆ. ನಮ್ಮ ವ್ಯಾನಿನ ಧರ್ಮಪಿತ ಹಿಲಾರಿಯೋನ್, ಅಪ್ಪನ ಜೊತೆ ಹಿಂದೆ ಮಿನಿಬಸ್ ಓಡಿಸುತ್ತಿದ್ದವನು, ಯಾವುದನ್ನೂ ಕಡಿಮೆ ಮಾಡುವ ಜನ ಅಲ್ಲ. ಮುಂಭಾಗಕ್ಕೆ ಕೆಂಪು ಹೂವಿನ ದಪ್ಪ ಹಾರ, ಅದೂ ತಂತಿಯಲ್ಲಿ ಬಿಗಿದದ್ದು. ಕನ್ನಡಿಗಳಿಗೆ ಬಣ್ಣದ ಕಾಗದದ ಸುರುಳಿ. ಚಕ್ರಗಳಿಗೆ ಬಿಯರು, ನಮ್ಮ ತಲೆಗಳಿಗೆ ಮುಷ್ಟಿಗಟ್ಟಲೆ ಕಾಗದದ ಚೂರು. ಬೀದಿಯವರೆಲ್ಲ ಬಂದು ಕುಡಿದು, "ತೋರಿಬಿಯೋ ಚಿಲಿಗೆ ಹೊರಟ, ಇನ್ನೇನು ಸಮುದ್ರವನ್ನೇ ವಾಪಸ್ ತರ್ತಾನೆ ಬಿಡ್ರೋ" ಎಂದು ಕೂಗಿದರು. ಅಪ್ಪ ಎಲ್ಲರನ್ನೂ ತಬ್ಬಿಕೊಂಡು ಅತ್ತ.

ಹಿಂದೊಮ್ಮೆ ಯುದ್ಧದಲ್ಲಿ ಚಿಲಿ ಕಿತ್ತುಕೊಂಡ ನಮ್ಮ ದೇಶದ ಸಮುದ್ರ ಯಾಕೆ ಬೇಕಿತ್ತು ಅವನಿಗೆ? ಅವನಿಗೆ ಬೇಕಿದ್ದದ್ದು ಮೊಮ್ಮಗಳ ತಲೆಯ ಒಂದು ಜಡೆ.

ಅಕ್ಕ ಲಿಸೆತ್ ಚಿಲಿಯ ಅರೀಕಾದಲ್ಲಿದ್ದಾಳೆ. ಟೊಮೆಟೊ ತೋಟಕ್ಕೆ ಕೂಲಿಗೆಂದು ಹೋದವಳು ಅಲ್ಲಿಯ ಹುಡುಗನನ್ನೇ ಕಟ್ಟಿಕೊಂಡಳು. ಆಗ ಅಪ್ಪ ಫೋನಿನಲ್ಲಿ "ನಂಗೆ ಮಗಳೇ ಇಲ್ಲ" ಎಂದಿದ್ದ. ಅಂದಿನಿಂದ ಅವನೂ ಮಾತಾಡಲಿಲ್ಲ, ಅವಳೂ ಮಾತಾಡಲಿಲ್ಲ. ಈಗ ಅವಳ ಮಗುವಿಗೆ ಮೊದಲ ಸಲ ಕೂದಲು ಕತ್ತರಿಸುವ ಶಾಸ್ತ್ರ. ಹುಟ್ಟಿದಾಗಿನಿಂದ ಕತ್ತರಿ ಸೋಕಿಸದ ಕೂದಲನ್ನು ಸಣ್ಣ ಸಣ್ಣ ಜಡೆ ಹೆಣೆದಿರುತ್ತಾರೆ, ಮನೆಯ ಹಿರಿಯನೊಬ್ಬ ಮೊದಲನೆಯದನ್ನು ಕತ್ತರಿಸಬೇಕು. ಲಿಸೆತ್ ಅಮ್ಮನ ಫೋನಿಗೆ ಹೇಳಿದ್ದಳು: "ಭಾನುವಾರ ಮಧ್ಯಾಹ್ನ. ಅಪ್ಪ ಬಂದ್ರೆ ಅಪ್ಪನೇ ಕತ್ತರಿಸಲಿ. ಬರದಿದ್ರೆ ನಮ್ಮ ಮಾವ ಕತ್ತರಿಸ್ತಾರೆ. ಆಮೇಲೆ ನಂಗೆ ಏನೂ ಹೇಳ್ಬೇಡಿ." ಆ ಚಿಲಿಯವನು ನಮ್ಮ ಹುಡುಗಿಯ ಮೊದಲ ಜಡೆ ಕತ್ತರಿಸುವುದೇ? ಅಪ್ಪ ಆ ವಾರವೇ ಹಳೆ ವ್ಯಾನೊಂದನ್ನು ಕೊಂಡ.

ಇಲ್ಲಿಯವರೆಗೆ ಎಲ್ಲ ಸರಿ. ತಾಪತ್ರಯ ಇದ್ದದ್ದು ಊರಿನದು.

ನಾವು ನಗರಕ್ಕೆ ಬಂದು ಎಷ್ಟೋ ಕಾಲವಾದರೂ ಚಿಯಾರ್ ಪಂಪಾದಲ್ಲಿ ನಮಗೊಂದು ತುಂಡು ಹೊಲ ಇದೆ. ಹೊಲ ಇಟ್ಟುಕೊಂಡವನು ಊರಿನ ಕೆಲಸಕ್ಕೆ ಬರಬೇಕು. ಸರ್ಕಾರವನ್ನು ಎಬ್ಬಿಸಲು ಊರು ಹೆದ್ದಾರಿಗೆ ಕಲ್ಲು ಅಡ್ಡ ಇಟ್ಟು ರಸ್ತೆ ತಡೆದರೆ ಮನೆಯಿಂದ ಒಬ್ಬರು ಬಂದು ಕಲ್ಲುಗಳ ಪಕ್ಕ ಕೂರಬೇಕು. ಕಾಯಿಲೆಯವರಿಗೆ ಮಾತ್ರ ಮಾಫಿ. ಈ ಸಲ ತಡೆಯುವುದು ಸೇತುವೆಗಾಗಿ. ಪ್ರತಿ ಚುನಾವಣೆಗೂ ಓಟು ಕೇಳುವವನೊಬ್ಬ ಬಂದು, ಸೇತುವೆ ಕಟ್ಟಿಸುತ್ತೇನೆಂದು ಹೇಳಿ, ನದಿಯ ದಡದಲ್ಲಿ ಫೋಟೋ ತೆಗೆಸಿಕೊಂಡು ಹೋಗುತ್ತಾನೆ, ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಮಂಜಿನ ನೀರು ದಾಟಿಕೊಂಡೇ ಶಾಲೆಗೆ ಹೋಗುತ್ತವೆ. ತಡೆಯಲೇಬೇಕಾದ ರಸ್ತೆ ಅದು. ಆದರೆ ಶನಿವಾರದಿಂದ ತಡೆಯುವುದೆಂದು ತೀರ್ಮಾನವಾಯಿತು. ನಾವು ಹೊರಡುವುದೂ ಶನಿವಾರವೇ. ಅಪ್ಪ ಹಿಂದಿನ ಎರಡು ಸಲವೂ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದ. ಈಗ ಮಗಳ ಮನೆ ಹಬ್ಬ ಎಂದರೆ ಕೇಳುವವರು ಯಾರು?

"ಗ್ರೋವರ್, ನೀನು ಊರಿಗೆ ಹೋಗಿ ಕೂತ್ಕೊ ಮಗಾ. ವ್ಯಾನು ನಾನೇ ಓಡಿಸ್ಕೊಂಡು ಹೋಗ್ತೀನಿ" ಎಂದಿದ್ದ ನನಗೆ.

ನಾನು ಆಗುವುದಿಲ್ಲ ಎಂದೆ. ಬರೀ ಆಗುವುದಿಲ್ಲ ಎನ್ನಲಿಲ್ಲ. "ನಿನ್ನ ಬೆನ್ನುನೋವಿಗೆ ನಾನು ಶಾಲೆ ಬಿಟ್ಟು ನಿನ್ನ ಮಿನಿಬಸ್ ಓಡಿಸ್ದೆ. ಈಗ ನಿನ್ನ ಕಲ್ಲೂ ನಾನೇ ಹೊರಬೇಕಾ? ನಾನೂ ಒಂದು ಸಲ ಈ ದೇಶದಿಂದ ಆಚೆ ಕಾಲಿಡಬೇಕು" ಎಂದು ತಟ್ಟೆ ತಳ್ಳಿ ಎದ್ದು ಹೋದೆ. ಅಪ್ಪ ಮತ್ತೆ ಕೇಳಲಿಲ್ಲ. ತೋರಿಬಿಯೋನಿಗೆ ಪಿತ್ತಕೋಶದ ನೋವು, ಹಾಸಿಗೆ ಹಿಡಿದಿದ್ದಾನೆ ಎಂದು ಊರಿಗೆ ಹೇಳಿ ಕಳಿಸಿದ. ಕಾಯಿಲೆಯವನು ಫೋನ್ ಎತ್ತಿ ಹರಟಬಾರದಲ್ಲ, ಅದಕ್ಕೆ ಫೋನನ್ನೂ ಆರಿಸಿಟ್ಟ. ಊರಿನವರು ಕೂರುವುದು ಒರೂರೋ ಕಡೆಯ ಹೆದ್ದಾರಿಯಲ್ಲಿ. ನಾವು ಅದಕ್ಕೂ ಮೊದಲೇ ಪಟಕಾಮಾಯಾದಲ್ಲಿ ಬಲಕ್ಕೆ ತಿರುಗಿ ಗಡಿ ರಸ್ತೆ ಹಿಡಿಯುತ್ತೇವೆ. ಅವರ ಕಣ್ಣಿಗೆ ನಾವು ಬೀಳುವ ಮಾತೇ ಇಲ್ಲ. ಇಷ್ಟು ಅವನ ಲೆಕ್ಕ.

ಬಲಕ್ಕೆ ತಿರುಗಿದೆವು. ಅಪ್ಪ ಶಿಲುಬೆ ಗುರುತು ಮಾಡಿಕೊಂಡು ನಕ್ಕ. ಅಮ್ಮ ಫೌಸ್ತಿನಾ ಹಿಂದಿನ ಸೀಟಿನಲ್ಲಿ ಅಡುಗೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಒಣಮಾಂಸ, ಕಪ್ಪು ಒಣ ಆಲೂಗೆಡ್ಡೆ, ಬೇಯಿಸಿದ ಮೆಕ್ಕೆಜೋಳ, ಗಿಣ್ಣು, ಎಲ್ಲ ಮಗಳ ಮನೆ ಹಬ್ಬಕ್ಕೆ. ಒಂದು ಬೆಟ್ಟದ ತಿರುವು ದಾಟಿದ್ದೇ ತಡ, ಎದುರಿಗೆ ಲಾರಿಗಳ ಬಾಲ. ಅದರ ತಲೆ ಎಲ್ಲಿದೆಯೋ ಕಾಣಿಸುತ್ತಿರಲಿಲ್ಲ. ಚಾಲಕರು ಲಾರಿಯ ನೆರಳಿನಲ್ಲಿ ಮಲಗಿದ್ದರು, ಒಬ್ಬ ಒಲೆ ಹೊತ್ತಿಸಿ ಮೊಟ್ಟೆ ಕರಿಯುತ್ತಿದ್ದ.

ನಾನು ಹಾರ್ನ್ ಅದುಮಿ ಹಿಡಿದೆ.

"ಹೊಡಿ ತಮ್ಮಾ, ಹೊಡಿ" ಎಂದ ಮೊಟ್ಟೆಯವನು. "ಕಲ್ಲುಗಳು ಹೆದರಿಕೊಂಡು ಎದ್ದು ಹೋಗ್ತವೆ."

"ಯಾರು ತಡೆದಿರೋದು?"

"ಯಾರೋ ಹಳ್ಳಿಯವರು. ನಿನ್ನ ಮದುವೇನಾ? ಹುಡುಗಿ ಎಲ್ಲಿ?"

ಹೂವಿನ ಹಾರ ನೋಡಿ ಅಕ್ಕಪಕ್ಕದ ಚಾಲಕರೆಲ್ಲ ನಕ್ಕರು. ನನಗೆ ನೆತ್ತಿಗೇರಿತು. ಗಡಿ ಸಂಜೆಗೆ ಮುಚ್ಚುತ್ತದೆ. ಇಂದು ದಾಟದಿದ್ದರೆ ನಾಳೆ ಮಧ್ಯಾಹ್ನಕ್ಕೆ ಅರೀಕಾ ಸಿಕ್ಕುವುದಿಲ್ಲ. "ಗ್ರೋವರ್, ಸುಮ್ನೆ ಕೂತ್ಕೊ" ಎಂದು ಅಪ್ಪ ಹೇಳುತ್ತಿದ್ದಂತೆ ಬಾಗಿಲು ಬಡಿದು ಇಳಿದೆ. ಲಾರಿಗಳ ಪಕ್ಕದಲ್ಲೇ ದಾಪುಗಾಲು ಹಾಕಿದೆ. ಹೋದಷ್ಟೂ ಸಿಟ್ಟು ಬಲಿಯಿತು. ರಸ್ತೆಗೆ ಅಡ್ಡ ಕಲ್ಲುಗಳ ಸಾಲು, ಆಚೆ ಮುಳ್ಳುಪೊದೆಗೆ ಹಚ್ಚಿದ ಬೆಂಕಿಯ ಹೊಗೆ, ಹೊಗೆಯೊಳಗೆ ಟೋಪಿಗಳು. ಮುಖ ನೋಡುವ ತಾಳ್ಮೆ ಯಾರಿಗಿತ್ತು?

"ಕೆಲ್ಸ ಕಾರ್ಯ ಇಲ್ವೇನ್ರೋ ನಿಮ್ಗೆ?" ಎಂದು ಗಂಟಲು ಹರಿಯುವಂತೆ ಕೂಗಿದೆ. "ಜನ ಊರಿಗೆ ಹೋಗೋದು ಬೇಡ್ವಾ? ಯಾವ ಊರಿನ ದನಗಳೋ ನೀವು?"

ಹೊಗೆಯೊಳಗಿಂದ ಒಂದು ಹೆಣ್ಣು ದನಿ ನಿಧಾನವಾಗಿ ಬಂತು.

"ನಿಮ್ಮೂರಿನವೇ ಕಣ್ಲಾ."

ಸತುರ್ನಿನಾ ಅತ್ತೆ. ಅಪ್ಪನ ದೊಡ್ಡಪ್ಪನ ಮಗಳು, ಈ ವರ್ಷ ಊರಿನ ಯಜಮಾನಿಕೆ ಅವಳದು. ಬಂಡೆಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ನನ್ನನ್ನು ನೋಡಿ ಕದಿರು ಕೂಡ ನಿಲ್ಲಿಸಲಿಲ್ಲ. ಅವಳ ಸುತ್ತ ಇಡೀ ಚಿಯಾರ್ ಪಂಪಾ ಕೂತಿತ್ತು.

"ತೋರಿಬಿಯೋನ ಮಗ ಅಲ್ವಾ ನೀನು? ಗಂಟ್ಲು ಒಸಿ ದೊಡ್ಡದಾಗೈತೆ. ಬಾ, ದನಗಳ ಜೊತೆ ಕೂತ್ಕೊ."

"ಅತ್ತೆ... ನೀವು ಒರೂರೋ ರಸ್ತೇಲಿ..."

"ಅಲ್ಲಿ ಪೊಲೀಸ್ನೋರು ಮೊದ್ಲೇ ಬಂದು ಕೂತವ್ರೆ ಅಂತ ಗೊತ್ತಾಯ್ತು. ನೆನ್ನೆ ಸಂಜೆ ಜಾಗ ಬದಲಾಯಿಸಿದ್ವಿ. ಎಲ್ರಿಗೂ ಫೋನ್ ಮಾಡಿದ್ವಲ್ಲ! ನಿಮ್ಮಪ್ಪನ ಫೋನು ಸತ್ತೋಗಿತ್ತು. ಪಾಪ, ಫೋನ್ ಎತ್ತಕ್ಕೂ ಆಗದಂಗೆ ಬಿದ್ದವ್ನೆ ಅಂತ ಮಾತಾಡ್ಕಂಡ್ವಿ." ಅವಳು ನನ್ನ ಕಣ್ಣಲ್ಲೇ ನೋಡಿದಳು. "ಹೆಂಗವ್ನೆ ಈಗ?"

ಆಗಲೇ ನಿಜ ಹೇಳಬಹುದಿತ್ತು. ಆದರೆ ದನ ಎಂದ ಬಾಯಿ ಅಷ್ಟು ಬೇಗ ಬಗ್ಗುತ್ತದೆಯೇ?

"ವ್ಯಾನಲ್ಲಿ ಮಲಗಿದಾನೆ ಅತ್ತೆ. ಜೋರಾಗಿದೆ. ಅರೀಕಾದಲ್ಲಿ ಒಳ್ಳೆ ಡಾಕ್ಟ್ರು ಇದಾರಂತೆ, ಅದಕ್ಕೇ..."

ಗುಂಪಿನಲ್ಲಿ ಗುಜುಗುಜು ಎದ್ದಿತು. ಅಪ್ಪನ ಬಾಲ್ಯದ ಗೆಳೆಯ ಕಾಸಿಯಾನೋ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. "ಬೇರೆ ದೇಶಕ್ಕೆ ಹೊತ್ಕಂಡು ಹೋಗೋ ಅಷ್ಟಾ?" ಎಂದ. ನಾನು ಅಲ್ಲಿ ನಿಲ್ಲಲಾರದೆ ಓಡಿದೆ.

"ಮಲಕ್ಕೋ" ಎಂದೆ ವ್ಯಾನಿನ ಬಾಗಿಲು ಎಳೆದು. "ಹಿಂದೆ ಹೋಗಿ ಮಲಕ್ಕೋ. ನಮ್ಮೂರಿನವರೇ ಕೂತಿರೋದು. ಬರ್ತಿದಾರೆ."

ಅಪ್ಪನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಬಯ್ಯುತ್ತಾನೆ ಅಂದುಕೊಂಡೆ, ಬಯ್ಯಲಿಲ್ಲ. ಸೀಟುಗಳ ಮಧ್ಯೆ ನುಸುಳಿ ಹಿಂದೆ ಹೋಗಿ ಉದ್ದಕ್ಕೆ ಬಿದ್ದುಕೊಂಡ. ಅಮ್ಮ ಹೊದಿಕೆ ಎಸೆದಳು.

"ಯಾವ ಕಡೆ ಇರ್ತದೆ ಅದು? ಪಿತ್ತಕೋಶ?"

"ಬಲಗಡೆ."

"ಇದು ಯಾವುದು?"

"ಅದು ಎಡ! ಬಲಗಡೆ ಹಿಡ್ಕೊ ಅಪ್ಪಾ!"

"ನನ್ನ ಸೇರಿಸ್ಬೇಡಿ ಇದ್ರಲ್ಲಿ" ಎಂದಳು ಅಮ್ಮ. ಅಡುಗೆಯ ಗಂಟಿನ ಮೇಲೆ ಎರಡೂ ಕೈಯಿಟ್ಟು ಕಿಟಕಿಯ ಆಚೆಗೆ ತಿರುಗಿ ಕೂತಳು. ನಾನು ಮುಂದೆ ಹೋಗಿ ಹಾರ ಕಿತ್ತುಹಾಕಲು ನೋಡಿದೆ. ಹಿಲಾರಿಯೋನ್ ಬಿಗಿದ ತಂತಿ ಬೆರಳು ಕುಯ್ದಿತೇ ಹೊರತು ಬರಲಿಲ್ಲ. ಅಷ್ಟರಲ್ಲಿ ಅವರು ಬಂದೇಬಿಟ್ಟರು.

ಬಂದು ಬಯ್ದಿದ್ದರೆ ಚೆನ್ನಾಗಿತ್ತು. ಎಲ್ ಆಲ್ತೋದ ಬಸ್ ನಿಲ್ದಾಣದಲ್ಲಿ ಬೆಳೆದವನು ನಾನು, ಬಯ್ಗುಳಕ್ಕೆ ಬಯ್ಗುಳ ಕೊಡಬಲ್ಲೆ. ಅವರು ಸಾಲಾಗಿ ಬಂದರು. ಒಬ್ಬೊಬ್ಬರೇ ವ್ಯಾನಿನೊಳಗೆ ಬಗ್ಗಿ ಅಪ್ಪನ ಕೈ ಹಿಡಿದರು. "ಹುಷಾರಾಗ್ತೀಯ ತೋರಿಬಿಯೋ." "ಗಟ್ಟಿ ಮನಸು ಮಾಡಪ್ಪ." ಒಬ್ಬಳು ಸೊಂಟದ ಚೀಲದಿಂದ ಎಂಥದೋ ಸೊಪ್ಪು ತೆಗೆದು ಅವನ ತಲೆಯ ಕೆಳಗಿಟ್ಟಳು. ಇನ್ನೊಬ್ಬಳು ತಾನು ಹೊದ್ದಿದ್ದ ಶಾಲನ್ನೇ ಅವನ ಕಾಲಿಗೆ ಸುತ್ತಿದಳು. ಮುದುಕಿಯೊಬ್ಬಳು ಹೊಟ್ಟೆ ಒತ್ತಿ "ಇಲ್ಲಿ ನೋಯ್ತದಾ?" ಎಂದಳು. ಅಪ್ಪ "ಅಯ್ಯೋ" ಎಂದ. ಆ ಅಯ್ಯೋ ಸುಳ್ಳಿರಲಿಲ್ಲ, ಆದರೆ ಹೊಟ್ಟೆಯದಲ್ಲ. ಅವನ ಹುಬ್ಬಿನಲ್ಲಿ ಗುಲಾಬಿ ಬಣ್ಣದ ಒಂದು ಕಾಗದದ ಚೂರು ಅಂಟಿಕೊಂಡೇ ಇತ್ತು. ಮುದುಕಿ ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ನೋಡಿ, ಯಾರಿಗೂ ತೋರಿಸದೆ ತನ್ನ ಲಂಗದ ಮಡಿಕೆಯೊಳಗೆ ಸೇರಿಸಿದಳು.

ಗೊತ್ತಿತ್ತು ಅವರಿಗೆ. ಆ ಕ್ಷಣ ನನಗೆ ಅದು ಖಾತ್ರಿಯಾಯಿತು, ಮೈಮೇಲೆ ಬಿಸಿನೀರು ಸುರಿದಂತಾಯಿತು.

ಕಾಸಿಯಾನೋ ಕೊನೆಗೆ ಬಂದ. ಅಪ್ಪನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಅತ್ತುಬಿಟ್ಟ. "ನಾನು ಮೊದ್ಲು ಹೋಗ್ಬೇಕಿತ್ತು ಕಣೋ. ನಿನಗಿಂತ ನಾನು ದೊಡ್ಡೋನು." ಅಪ್ಪ ಕಣ್ಣು ಬಿಡಲೇ ಇಲ್ಲ. ಬಿಗಿಯಾಗಿ ಮುಚ್ಚಿದ ರೆಪ್ಪೆಯಂಚಿನಿಂದ ನೀರು ಕಿವಿಯೊಳಕ್ಕೆ ಇಳಿಯಿತು.

ಮೊಟ್ಟೆಯವನು ಬಾಣಲೆ ಹಿಡಿದೇ ಬಂದು ನಿಂತಿದ್ದ. "ರೋಗಿನಂತೆ ರೋಗಿ! ಬೆಳಿಗ್ಗೆ ಪಟಕಾಮಾಯಾ ಬಂಕಿನಲ್ಲಿ ಹಾಡಿಗೆ ಕುಣೀತಿದ್ದ ಇವನು. ನಾನೇ ನೋಡಿದೀನಿ" ಎಂದ. "ಇವನನ್ನ ಬಿಟ್ರೆ ನನ್ನೂ ಬಿಡಬೇಕು. ನಂಗೆ ಹಲ್ಲುನೋವು."

ಸತುರ್ನಿನಾ ಅತ್ತೆ ಅವನತ್ತ ತಿರುಗಿದಳು. "ನಮ್ಮೂರಿನವನ ಕಾಯಿಲೆ ನಮಗೆ ಗೊತ್ತು. ನೀನು ಮೊಟ್ಟೆ ತಿನ್ನು."

ಅವನು ಬಾಯಿ ಮುಚ್ಚಿಕೊಂಡು ಹೋದ. ಆ ಮಾತಿಗಿಂತ ಅವಳು ನನ್ನ ಕಪಾಳಕ್ಕೆ ಬಾರಿಸಿದ್ದರೂ ತಡೆದುಕೊಳ್ಳುತ್ತಿದ್ದೆ.

"ರೋಗಿಗಳನ್ನ ಬಿಡೋದು ನಮ್ಮ ಕ್ರಮ" ಎಂದಳು ಅತ್ತೆ ಗಟ್ಟಿಯಾಗಿ. "ಕಲ್ಲು ತೆಗೀರಿ."

ಲಾರಿಗಳನ್ನು ಒತ್ತರಿಸಿಕೊಂಡು ಮಣ್ಣಿನ ಬದಿಯಲ್ಲಿ ವ್ಯಾನನ್ನು ಮುಂದಕ್ಕೆ ತಂದೆ. ಹಾರದ ಹೂವುಗಳು ಗಾಳಿಗೆ ಒಂದೊಂದಾಗಿ ಉದುರುತ್ತಿದ್ದವು. ಮುದುಕಿಯರು ಲಂಗ ಎತ್ತಿ ಸಿಕ್ಕಿಸಿಕೊಂಡು ನಮಗಾಗಿ ಕಲ್ಲು ಹೊರುತ್ತಿದ್ದರು. ನೋಡಲಾಗಲಿಲ್ಲ. ಸಹಾಯ ಮಾಡೋಣವೆಂದು ಇಳಿದೆ.

"ಒಳ್ಳೇದಾಯ್ತು, ನೀನೇ ಇಳಿದೆ" ಎಂದಳು ಅತ್ತೆ. "ಮತ್ತೆ ಹತ್ತಬೇಡ."

"ಅಂದ್ರೆ?"

"ರೋಗಿ ಹೋಗ್ಲಿ. ಅವನ ಹೆಂಡ್ತಿ ಜೊತೇಲಿ ಹೋಗ್ಲಿ. ಮನೆಯಿಂದ ಒಬ್ರು ಇಲ್ಲಿ ಕೂರ್ಬೇಕು. ನೀನು ಗಟ್ಟಿಮುಟ್ಟಾಗಿದೀಯ, ಗಂಟ್ಲೂ ಚೆನ್ನಾಗೈತೆ."

"ಅತ್ತೆ, ಗಾಡಿ ಯಾರು ಓಡಿಸ್ತಾರೆ? ಅಮ್ಮಂಗೆ ಬರಲ್ಲ."

ಅವಳು ಕದಿರನ್ನು ಒಂದು ಸಲ ತಿರುಗಿಸಿ ಬಿಟ್ಟಳು. "ಅದನ್ನೇ ನಾನೂ ನೋಡ್ತಾ ಇವ್ನಿ" ಎಂದಳು.

ಪ್ರಿಮಿತಿವೋ ಎನ್ನುವ, ಟ್ರ್ಯಾಕ್ಟರ್ ಓಡಿಸುವ ಒಬ್ಬ ಒಳ್ಳೆಯ ಮನುಷ್ಯ ಎದ್ದು, "ಬೇಕಾದ್ರೆ ನಾನು ಗಡಿವರ್ಗೂ..." ಎಂದ.

"ನಿನ್ ಸರದಿ ಮುಗಿದಿಲ್ಲ. ಕೂತ್ಕೊ."

ಪ್ರಿಮಿತಿವೋ ಕೂತ.

ದಾರಿ ತೆರೆದಿತ್ತು. ಇಂಜಿನ್ ಓಡುತ್ತಲೇ ಇತ್ತು. ಚಾಲಕನ ಸೀಟು ಖಾಲಿ. ಊರಿಗೆ ಊರೇ ನಿಂತು ವ್ಯಾನಿನ ಹಿಂದಿನ ಕಿಟಕಿ ನೋಡುತ್ತಿತ್ತು. ನಾನೂ ನೋಡಿದೆ. ಅಪ್ಪ ಹೊದಿಕೆಯೊಳಗೆ ಅಲ್ಲಾಡದೆ ಬಿದ್ದಿದ್ದ. ಏಳಬೇಡ ಅಪ್ಪಾ ಎಂದುಕೊಂಡೆ ಒಳಗೊಳಗೇ. ಎಲ್ಲ ಹಾಳಾಗಿ ಹೋಗಲಿ, ಹಿಂದಕ್ಕೆ ತಿರುಗಿಸೋಣ, ಮನೆಗೆ ಹೋಗೋಣ, ಬೀದಿಯವರು ನಕ್ಕರೆ ನಗಲಿ. ಇವರ ಮುಂದೆ ಮಾತ್ರ ಏಳಬೇಡ.

ಅವನು ಎದ್ದ.

ಹೊದಿಕೆ ಜಾರಿತು. ಯಾರದೋ ಶಾಲನ್ನು ಕಾಲಿನಿಂದ ಬಿಚ್ಚಿ, ಮಡಿಸಿ, ಸೀಟಿನ ಮೇಲಿಟ್ಟ. ಬಾಗಿಲು ಸರಿಸಿ ಇಳಿದ. ಹೊಸ ಜಾಕೆಟ್ಟಿನ ಮಡಿಕೆಗಳಿಂದ ಬಣ್ಣದ ಚೂರುಗಳು ರಸ್ತೆಗೆ ಉದುರಿದವು. ವ್ಯಾನನ್ನು ಸುತ್ತಿಕೊಂಡು, ನೆಲ ನೋಡಿಕೊಂಡು, ಚಾಲಕನ ಬಾಗಿಲಿಗೆ ನಡೆದ. ಇನ್ನೂ ಕೈಯಿಂದ ಪಕ್ಕೆ ಹಿಡಿದುಕೊಂಡೇ ಇದ್ದ. ಎಡಪಕ್ಕೆ.

ಯಾರಾದರೂ ನಕ್ಕಿದ್ದರೆ ಅವರ ಹಲ್ಲು ಉದುರಿಸುತ್ತಿದ್ದೆ. ಯಾರೂ ನಗಲಿಲ್ಲ.

ಹತ್ತಿ ಕೂತ. ನನ್ನ ಕಾಲು ಉದ್ದ, ಅವನದು ಗಿಡ್ಡ. ಸೀಟನ್ನು ಮುಂದಕ್ಕೆ ಎಳೆದುಕೊಳ್ಳಬೇಕಾಯಿತು. ಅದು ಹಳೆ ವ್ಯಾನು, ಸುಲಭಕ್ಕೆ ಜರುಗುವುದಿಲ್ಲ. ಅವನು ಎಳೆಯುತ್ತಾನೆ, ಅದು ಕಿರುಗುಟ್ಟುತ್ತದೆ, ಮತ್ತೆ ಎಳೆಯುತ್ತಾನೆ, ಇಷ್ಟೂ ಜನ ನೋಡುತ್ತಾ ನಿಂತಿದ್ದಾರೆ. ಕೊನೆಗೆ ಕನ್ನಡಿ ಸರಿಮಾಡಿಕೊಂಡು ಕಿಟಕಿಯಿಂದ ತಲೆ ಹೊರಹಾಕಿದ. ನನ್ನನ್ನು ನೋಡಲಿಲ್ಲ.

"ಸತುರ್ನಿನಾ" ಎಂದ. "ನಾನು... ಅಲ್ಲಿ ನನ್ನ ಮಗಳು..."

"ಹೊತ್ತಾಯ್ತು, ಹೋಗು ತೋರಿಬಿಯೋ" ಎಂದಳು ಅವಳು. "ಡಾಕ್ಟ್ರು ಕಾಯ್ತಿರ್ತಾರೆ."

ನಿಜ ಹೇಳುವುದಕ್ಕೂ ಅವಳು ಬಿಡಲಿಲ್ಲ.

ವ್ಯಾನು ಅಲುಗಿತು. ಅಮ್ಮ ಇದ್ದಕ್ಕಿದ್ದಂತೆ ಕಿಟಕಿ ಇಳಿಸಿ ಅಡುಗೆಯ ಗಂಟನ್ನು ನನ್ನ ತೋಳಿಗೆ ತುರುಕಿದಳು. "ಎಲ್ರಿಗೂ ಹಾಕು" ಎಂದಳು. ಅಷ್ಟೇ. ಅವಳು ಅಳುತ್ತಿದ್ದಳೋ, ಸಿಟ್ಟಿನಲ್ಲಿದ್ದಳೋ, ಟೋಪಿಯ ನೆರಳಿನಲ್ಲಿ ಕಾಣಿಸಲಿಲ್ಲ. ಅಪ್ಪ ಗೇರು ಬದಲಾಯಿಸಿದ, ತುಂಬ ನಯವಾಗಿ, ಒಂದು ಜನ್ಮವೆಲ್ಲ ಗಾಡಿ ಓಡಿಸಿದವನ ಹಾಗೆ. ವ್ಯಾನು ಬಿಳಿ ಬೆಟ್ಟಗಳ ಕಡೆಗೆ ಚಿಕ್ಕದಾಗುತ್ತಾ ಹೋಯಿತು.

ಕಲ್ಲುಗಳನ್ನು ಮತ್ತೆ ಅಡ್ಡ ಇಡಬೇಕಿತ್ತು. ನಾನೇ ಇಟ್ಟೆ. ದೊಡ್ಡವನ್ನೇ ಆರಿಸಿ, ಯಾರನ್ನೂ ಮುಟ್ಟಗೊಡದೆ, ಉಸಿರು ಕಟ್ಟುವಂತೆ ಹೊತ್ತೆ. ತಂತಿ ಕುಯ್ದ ಬೆರಳಿನ ರಕ್ತ ಕಲ್ಲಿಗೆಲ್ಲ ಅಂಟಿತು. ಅಪ್ಪನ ಮೇಲೆ ಸಿಟ್ಟು ಬಂತು. ಅತ್ತೆಯ ಮೇಲೆ ಬಂತು. ದಡದಲ್ಲಿ ಫೋಟೋ ತೆಗೆಸಿಕೊಂಡವರ ಮೇಲೆ ಬಂತು. ಎಲ್ಲ ಸುತ್ತಿ ಬಂದು ಕೊನೆಗೆ ತಟ್ಟೆ ತಳ್ಳಿ ಎದ್ದ ಒಬ್ಬನ ಮೇಲೆ ಬಂದು ನಿಂತಿತು. ಅಪ್ಪ ಕೇಳಿದಾಗಲೇ ನಾನು ಹೂಂ ಎಂದು ಇಲ್ಲಿ ಬಂದು ಕೂತಿದ್ದರೆ, ಇದೇ ಅಪ್ಪ ಇದೇ ವ್ಯಾನಿನಲ್ಲಿ, ಇದೇ ಕಲ್ಲುಗಳ ನಡುವೆ ಕೈ ಬೀಸಿಕೊಂಡು ಹೋಗುತ್ತಿದ್ದನೋ ಏನೋ.

"ಸಾಕು ಬಾರ್ಲಾ, ಊಟ ಮಾಡು" ಎಂದರು ಯಾರೋ.

ಹೆಂಗಸರು ಬಟ್ಟೆಗಳನ್ನು ಒಂದಕ್ಕೊಂದು ಸೇರಿಸಿ ನೆಲಕ್ಕೆ ಹಾಸಿ, ತಂತಮ್ಮ ಮನೆಯ ಬುತ್ತಿಯನ್ನೆಲ್ಲ ಒಂದೇ ರಾಶಿಯಾಗಿ ಸುರಿದಿದ್ದರು. ನಾನು ಅಮ್ಮನ ಗಂಟು ಬಿಚ್ಚಿ ಅದೇ ರಾಶಿಗೆ ಸುರಿದೆ. ಎಲ್ಲರ ಬಡ ಬುತ್ತಿಯ ನಡುವೆ ಅದು ಢಾಳಾಗಿ ಕಾಣಿಸುತ್ತಿತ್ತು. ಎಣ್ಣೆಯಲ್ಲಿ ಹುರಿದ ಒಣಮಾಂಸ, ದಪ್ಪ ದಪ್ಪ ಗಿಣ್ಣು, ಹಬ್ಬಕ್ಕೆಂದೇ ಆರಿಸಿದ ದೊಡ್ಡ ಕಾಳಿನ ಜೋಳ. ಜನ ಅದನ್ನು ನೋಡಿದರು, ನನ್ನನ್ನು ನೋಡಿದರು, ತಿನ್ನತೊಡಗಿದರು. ಯಾರೂ ಏನೂ ಕೇಳಲಿಲ್ಲ.

ಕಾಸಿಯಾನೋ ಮಾತ್ರ ಕೇಳಿದ. ಅವನ ಕಣ್ಣು ಇನ್ನೂ ಕೆಂಪಗಿತ್ತು.

"ರೋಗಿ ಇರೋ ಮನೇಲಿ ಇಷ್ಟೆಲ್ಲ ಅಡುಗೆ ಮಾಡೋಕೆ ನಿಮ್ಮಮ್ಮಂಗೆ ಹೆಂಗೆ ಮನಸ್ಸಾಯ್ತೋ ಮಗಾ? ಪಾಪ."

ಸತುರ್ನಿನಾ ಅತ್ತೆ ತುತ್ತು ಕೈಯಲ್ಲಿ ಹಿಡಿದು ನನ್ನ ಕಡೆ ನೋಡಿದಳು. ಎಲ್ಲರೂ ಅಗಿಯುವುದನ್ನು ನಿಧಾನ ಮಾಡಿದರು. ಅಷ್ಟು ಜನರಲ್ಲಿ ನಮ್ಮನ್ನು ನಿಜವಾಗಿ ನಂಬಿದ್ದವನು ಇವನೊಬ್ಬನೇ ಎಂದು ನನಗೆ ಆಗ ತಿಳಿಯಿತು.

"ಅಪ್ಪಂಗೆ ಏನೂ ಆಗಿಲ್ಲ ಮಾವ" ಎಂದೆ. ತಲೆ ಎತ್ತಲಿಲ್ಲ. "ನಾಳೆ ನಮ್ಮಕ್ಕನ ಮಗೂಗೆ ಕೂದಲು ಕತ್ತರಿಸೋ ಶಾಸ್ತ್ರ. ಅದಕ್ಕೆ ಹೋಗ್ತಿರೋದು. ಅಡುಗೆ ಅದಕ್ಕೇ ಮಾಡಿದ್ದು. ಕಾಯಿಲೆ ಅಂದಿದ್ದು ಸುಳ್ಳು."

ಕಾಸಿಯಾನೋ ಬಾಯಲ್ಲಿದ್ದ ತುತ್ತನ್ನು ನುಂಗಿದ. ಎದ್ದು ಬಂದು ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದು ಕಾದೆ.

"ಏನೂ ಆಗಿಲ್ವಾ?" ಎಂದ. "ಹಂಗಾದ್ರೆ ಸಾಯಾಕಿಲ್ವಾ ಅವನು?"

"ಇಲ್ಲ ಮಾವ."

"ಖರೇನಾ?"

"ಖರೆ."

ಅವನ ಮುಖ ಬಿಚ್ಚಿಕೊಂಡಿತು. ಮುಂಗೈಯಿಂದ ಮೂಗು ಒರೆಸಿಕೊಂಡು, "ದೇವ್ರು ದೊಡ್ಡೋನು" ಎಂದು ಪಕ್ಕದವರಿಗೆಲ್ಲ ಹೇಳಿದ, ಅವರಿಗೆ ಗೊತ್ತಿಲ್ಲವೇನೋ ಎನ್ನುವ ಹಾಗೆ. ಆಮೇಲೆ ಅಮ್ಮ ಮಾಡಿದ ಮಾಂಸದ ದೊಡ್ಡ ತುಂಡೊಂದನ್ನು ರಾಶಿಯಿಂದ ಆರಿಸಿ ನನ್ನ ಮುಂದೆ ಇಟ್ಟ.

"ತಿನ್ನು ಮಗಾ. ಕಲ್ಲು ಹೊತ್ತಿದೀಯ."

ತುಂಡು ಕೈಗೆ ತೆಗೆದುಕೊಂಡೆ. ಅವರೆಲ್ಲ ನೋಡುತ್ತಿದ್ದರು, ತಿನ್ನದೆ ಇರುವ ಹಾಗಿರಲಿಲ್ಲ.